ಕೃಪಾಂಕ

ನೂರಕ್ಕೆ ಐವತ್ತರಿಂದ ಶುರುವಂತೆ ಇವರ ಲೆಕ್ಕ.
ಬಾಟಲಿ ಮೇಜಿನ ಮೇಲೆ ಸುಮ್ಮನೆ ನಿಂತರೂ ಐವತ್ತು.
ಇಪ್ಪತ್ತೆಂಟು ವರ್ಷ ಹತ್ತನೇ ಕ್ಲಾಸಿನ
ಉತ್ತರಪತ್ರಿಕೆ ತಿದ್ದಿದವಳು ನಾನು,
ಮೂವತ್ತಮೂರಕ್ಕೆ ನಿಂತ ಹುಡುಗನಿಗೆ
ಇನ್ನೆರಡು ಎಲ್ಲಿಂದ ತರಲಿ ಎಂದು
ಹಾಳೆ ತಿರುವಿ ತಿರುವಿ ಹುಡುಕಿದವಳು.
ಹುಟ್ಟಿದ್ದಕ್ಕೇ ಐವತ್ತು ಕೊಡುವ ದೊರೆತನ
ನಮ್ಮ ಬೋರ್ಡಿಗೆ ಗೊತ್ತಿರಲಿಲ್ಲ.

ಮೂರು ಬಾಟಲಿ, ಒಂದೇ ಮನೆತನದವು.
ಚೀಟಿಯ ಮೇಲೊಂದು ಸಣ್ಣ ಕೋಟೆ,
ಕೆಳಗೆ ಸಾವಿರದ ಏಳುನೂರ ನಲವತ್ತಮೂರು.
ಆಗ ಬಿದನೂರಿನಲ್ಲಿ ಕೆಳದಿಯವರ ಆಳ್ವಿಕೆ.
ಅವರ ಕೋಟೆ ಕಲ್ಲು ಕಲ್ಲಾಗಿ ಉದುರಿತು,
ಇವರದು ಅಂಟಿಕೊಂಡೇ ಇದೆ, ಗಾಜಿಗೆ.

ಮಿಲ್ಲಿಗೆ ಯಂತ್ರ ಕೂರಿಸಲು ಬಂದು
ಭದ್ರಾವತಿಯಲ್ಲಿ ಎರಡು ಬೇಸಿಗೆ ಬೆಂದುಹೋದ
ಗೇರಾರ್ ಸಾಹೇಬನ ಮೊಮ್ಮಗಳು
ಜೋಗ ನೋಡಲು ಬಂದವಳು,
ಅಜ್ಜ ಹೇಳಿದ್ದ ಹೆಸರು ಕೇಳಿಕೊಂಡು
ಇಗರ್ಜಿಯ ಹಿಂದಿನ ಈ ಮಾಳಿಗೆ ಹತ್ತಿ
ಬೊನಿಫಾಸರ ಕೈಗೆ ಕೊಟ್ಟು ಹೋದಳು.
ಜೊತೆಗೆ ಅಂಕ ಹಾಕುವ ಕ್ರಮದ ಪುಟ್ಟ ಪುಸ್ತಕ.

ಹಾರ್ಲಿಕ್ಸಿನ ಜೊತೆ ಪುಕ್ಕಟೆ ಬಂದ ಗಾಜಿನ ಲೋಟ ನಾಲ್ಕು.
ನಾಲಗೆ ತೊಳೆಯಲು ಬ್ರೆಡ್ಡಿನ ಬದಲು ಮಂಡಕ್ಕಿ.
ಉಗುಳಬೇಕಂತೆ. ಅದನ್ನೊಂದು
ಶಿವಮೊಗ್ಗದವರಿಗೆ ಹೇಳಿಕೊಡಬೇಕಿಲ್ಲ.
ಬಣ್ಣ ನೋಡಲು ಬಿಳಿ ಹಾಳೆ ಬೇಕು ಅಂದದ್ದೇ ತಡ
ಬೊನಿಫಾಸ್ ಎದ್ದರು, ಬೀರು ತೆರೆದರು,
ಮಿಲ್ಲಿನ ಕೊನೆಯ ಸುರುಳಿಯಿಂದ ಕತ್ತರಿಸಿಟ್ಟ ಹಾಳೆಯೊಂದನ್ನು
ಅಂಗೈಯಿಂದ ಸವರಿ ಹಾಸಿದರು.
"ಎಪ್ಪತ್ತು ಜಿಎಸ್ಸೆಮ್" ಎಂದರು,
ಹುಟ್ಟಿದ ಕೂಸಿನ ತೂಕ ಹೇಳುವವರಂತೆ.

ಮೊದಲನೆಯದು: ನೇರಳೆ ತಿಂದ ಹುಡುಗರ ನಾಲಗೆಯ ಬಣ್ಣ.
ಲೋಟ ತಿರುಗಿಸಿದರೆ ಒಳಗೋಡೆಗೆ ಇಳಿಯುವ ಹನಿಗೆ
ಕಣ್ಣೀರು ಎನ್ನುತ್ತಾರಂತೆ.
ಅಳಲಿ, ನಾನು ಅದಕ್ಕೆಲ್ಲ ಅಂಕ ಹಾಕುವವಳಲ್ಲ.
ಪುಸ್ತಕ ಅರ್ಧ ಪುಟ ಸುತ್ತಿ ಹೇಳಿದ್ದಕ್ಕೆ
ನಮ್ಮಲ್ಲಿ ಮೂರೇ ಅಕ್ಷರ: ಒಗರು.
ಸೆವ್ರಿನ್ ಬಾಯಿ ದವಡೆಯಿಂದ ದವಡೆಗೆ ಹೊರಳಿಸಿ
"ಇದಕ್ಕೆ ಎಂಬತ್ತೆಂಟಾದರೆ
ಕ್ರಿಸ್ಮಸ್ಸಿನ ನನ್ನ ಭರಣಿಗೆ ಎಷ್ಟು?" ಎಂದು
ಯಾರ ಉತ್ತರಕ್ಕೂ ಕಾಯದೆ
ತೊಂಬತ್ತೊಂದು ಬರೆದುಕೊಂಡರು.

ಎರಡನೆಯದಕ್ಕೆ ಖಲಂದರ್ ಸಾಹೇಬರು.
ಗಾಂಧಿಬಜಾರಿನಲ್ಲಿ ಅತ್ತರಿನಂಗಡಿ, ಕುಡಿಯುವವರಲ್ಲ,
ಮೂಗನ್ನು ಮಾತ್ರ ಕರೆದಿದ್ದೆವು.
ಲೋಟ ಮುಟ್ಟಲಿಲ್ಲ. ಕೈ ಬೆನ್ನಿಗೆ ಕಟ್ಟಿ ಬಗ್ಗಿದರು,
ಕಣ್ಣು ಮುಚ್ಚಿ ಬಹಳ ಹೊತ್ತು ಇದ್ದು
"ಬೀಗದ ಪೆಟ್ಟಿಗೆ. ಒಳಗೆ ಯಾರದೋ ಮದುವೆಯ ಚಾದರ.
ಮಡಿಕೆಯಲ್ಲೊಂದು ಲವಂಗ ಮರೆತಿದ್ದಾರೆ" ಎಂದರು.
ಪುಸ್ತಕ: ಸೀಡರ್ ಮರ, ಮಸಾಲೆ, ತೊಂಬತ್ತಮೂರು.

ಮೂರನೆಯದೇ ಎಲ್ಲಕ್ಕಿಂತ ಹಳೆಯದು,
ಅಜ್ಜನ ಕಪಾಟಿನದು ಅಂದಿದ್ದಳಂತೆ.
ಬಿರಡೆ ಬಿಚ್ಚಿದೊಡನೆ ಖಲಂದರ್ ಹಿಂದೆ ಸರಿದರು.
ಸೆವ್ರಿನ್ ಬಾಯಿ ಕಿಟಕಿ ತೆಗೆದರು.
ನೆನೆದ ರಟ್ಟು. ಪುಸ್ತಕದ ಕೊನೆಯ ಪುಟ ಸ್ಪಷ್ಟ:
ಬಿರಡೆಯ ರೋಗ. ಅಂಕವಿಲ್ಲ. ಚೆಲ್ಲಿಬಿಡಿ.

ಬೊನಿಫಾಸ್ ಮಾತ್ರ ಲೋಟ ಕೆಳಗಿಡಲಿಲ್ಲ.
ಒಮ್ಮೆ ಮೂಸಿದರು. ಇನ್ನೊಮ್ಮೆ.
"ಎರಡನೇ ಪಾಳಿ" ಎಂದರು.
"ತೊಟ್ಟಿಯ ತುಂಬ ಬಿದಿರಿನ ತಿರುಳು.
ಜಾಲರಿ ಮೇಲೆ ಬಿದ್ದಿದೆ,
ಇನ್ನೂ ಹಾಳೆಯಲ್ಲ, ನೀರೂ ಅಲ್ಲ."
ಮತ್ತೆ ಮಾತಿಲ್ಲ. ಒಂದು ಗುಟುಕು.
ನಾವೆಲ್ಲ ಉಗುಳಿದ ಆ ಮಧ್ಯಾಹ್ನ
ಅವರು ನುಂಗಿದ್ದು ಅದೊಂದನ್ನೇ.

ಸೋರಿದ ಹನಿಯೊಂದು ಹಾಳೆಯ ಮೇಲೆ
ಹರಡಲು ಹೋಗಿ ಗಕ್ಕನೆ ನಿಂತಿತು.
"ನೋಡಿ, ಹೀರಲ್ಲ" ಎಂದರು.

ಅಂಕಪಟ್ಟಿ ನನ್ನ ಕೈಯಲ್ಲಿ. ಮೂರನೆಯ ಸಾಲು ಖಾಲಿ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಮೂವತ್ತಮೂರಾಗಿದ್ದರೆ
ಏನು ಮಾಡಬೇಕೆಂದು ನನಗೆ ಗೊತ್ತಿತ್ತು.