ಮಲಗಿದ ಅಳತೆ

ವೆಲೆನ್ಸಿಯಾದ ಇಳಿಜಾರಲ್ಲಿ, ಬೇಕರಿಯ ಮೇಲೆ,
ಹನ್ನೊಂದು ಮೆಟ್ಟಿಲಿನ ನನ್ನ ಅಂಗಡಿಗೆ
ಒಂದೊಂದೇ ಎಣಿಸುತ್ತ ಹತ್ತಿ ಬಂದರು
ಮೇಜರ್ ಜನರಲ್ ಬೊನಿಫಾಸ್ ಮಿನೇಜಸ್, ನಿವೃತ್ತ.
ಕಂಕುಳಲ್ಲಿ ಜವಳಿಯಂಗಡಿಯ ಹಳೇ ಚೀಲ,
ಚೀಲದೊಳಗೆ ಹಸಿರು ಕೋಟು, ನುಸಿಗುಳಿಗೆಯ ವಾಸನೆ.

"ಸಣ್ಣ ಮಾಡಬೇಕು."
"ಇಪ್ಪತ್ತಾರಕ್ಕಾ ಸರ್? ಶಾಲೆಯಲ್ಲಿ ಬಾವುಟ ಉಂಟಾ?"
"ಅಲ್ಲ ಮಾರಾಯ, ಪೆಟ್ಟಿಗೆಗೆ.
ಮಲಗಿದ ಅಳತೆ ತಗೋ.
ಸಡಿಲ ಅಂಗಿಯಲ್ಲಿ ನಾನು ಯಾರೆದುರೂ ನಿಂತವನಲ್ಲ."

ಮೂವತ್ತೆಂಟು ವರ್ಷದಿಂದ ಕೊರಳಲ್ಲಿ ಟೇಪು:
ಮದುಮಗನ ಕೋಟು, ಪಾದ್ರಿಯ ನಿಲುವಂಗಿ,
ಸಿಟಿ ಬಸ್ಸಿನ ಕಂಡಕ್ಟರನ ಖಾಕಿ,
ಎಲ್ಲ ನಿಂತವರದ್ದೇ.
ಶೂ ಬಿಚ್ಚಿ, ಜೋಡಿಸಿಟ್ಟು,
ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜನರಲ್ ಮಲಗಿದರು
ಕಣ್ಣು ತೆರೆದೇ.
ಮೇಲೆ ತಿರುಗುವ ಫ್ಯಾನಿನ ಧೂಳು ನೋಡಿ
"ಇನ್‌ಸ್ಪೆಕ್ಷನ್ನಿನಲ್ಲಿ ನೀನು ಫೇಲು" ಎಂದರು.

ರಾತ್ರಿ ಹೊಲಿಗೆ ಬಿಚ್ಚಲು ಕೂತೆ.
ಸೊಂಟದಲ್ಲಿ ಮೂರು ಬಗೆಯ ನೂಲು.
ಯಾರದೋ ಅವಸರದ ಕೈ,
ಇನ್ನಾರದೋ ಒತ್ತು ಹೊಲಿಗೆ,
ಕೊನೆಯವನು ಧಾರಾಳಿ, ಎರಡಿಂಚು ಬಿಟ್ಟಿದ್ದಾನೆ.
ಮರುದಿನ ತೋರಿಸಿದರೆ ಹೆಬ್ಬೆರಳಲ್ಲಿ ಸವರಿ ಹೇಳಿದರು:
ಪಠಾಣ್‌ಕೋಟ್. ತೇಜ್‌ಪುರ.
ಮತ್ತೆ ದಿಲ್ಲಿ, ಬರೀ ಕುರ್ಚಿ.

ಅದರ ಹಿಂದಿನದಕ್ಕೆ ನೂಲಿರಲಿಲ್ಲ, ಬಾಯಿಂದಲೇ ಬಂತು.
ಅಪ್ಪ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಮೆದ್ದವನು.
ಮಗನ ಟ್ರಂಕಿನಲ್ಲಿ ಹಾಕಲು ಏನೂ ಇಲ್ಲದೆ
ಅಡಿಗೆ ಎರಡು ಹಂಚು ಇಟ್ಟು ಕಳಿಸಿದನಂತೆ,
ರೈಲಿನ ಕೂಲಿ ಎತ್ತಿದಾಗ ನಗಬಾರದೆಂದು.

ಅಕಾಡೆಮಿಯಲ್ಲಿ ಭೂಗೋಳ ಬಲ್ಲ ಒಬ್ಬ ಮೇಜರ್:
"ಈ ಹೆಸರು! ಸ್ಪೇನಿನವನೇನು?"
"ಅಲ್ಲ ಸರ್, ವೆಲೆನ್ಸಿಯಾದವನು."
ಅದಕ್ಕೆ ಮೈದಾನಕ್ಕೆ ಹತ್ತು ಸುತ್ತು.

ಮುಂದೆ ಡೋಗ್ರಾ ಹುಡುಗರ ನಾಲಿಗೆಗೆ
ಮಿನೇಜಸ್ ಹೊರಳದೆ ಮಿನ್ಹಾಸ್ ಆಯಿತು.
ಅವರಲ್ಲಿ ಅದೊಂದು ಕುಲವೇ ಅಂತೆ,
ಹೆಣ್ಣು ಕೊಡಲೂ ಬಂದಿದ್ದರಂತೆ.
"ಅಲ್ಲಿ ಮಿನ್ಹಾಸ್ ಸಾಬ್, ಇಲ್ಲಿ ಬೊನು.
ಕಲ್ಲಿನ ಮೇಲೆ ಯಾವುದು ಕೆತ್ತಿಸಲಿ, ಹೇಳು."

ಎಡ ಜೇಬಿನ ಮೇಲೆ ಕಲೆ, ಅಂಗೈಯಗಲ.
"ಲಿಂಬೆ, ಉಪ್ಪು ಹಾಕಿ ನೋಡಲಾ ಸರ್?"
"ಮುಟ್ಟಬೇಡ."
ಆ ಸ್ವರಕ್ಕೆ ನನ್ನ ಕತ್ತರಿ ತಾನಾಗಿ ಮುಚ್ಚಿತು.

ಚಹಾ ಅರ್ಧ ಆದ ಮೇಲೆ ಅವರೇ:
"ತಾಯಂದಿರಿಗೆ ನಾನೇ ಬರೆಯುತ್ತಿದ್ದೆ, ಹಿಂದಿಯಲ್ಲಿ.
ನನ್ನ ಹಿಂದಿ ನಿನಗೆ ಗೊತ್ತಲ್ಲ.
ಒಬ್ಬ ಹವಾಲ್ದಾರ ಕಾಗುಣಿತ ತಿದ್ದಿ ಕೊಡುವವನು,
'ಸಾಬ್, ವೀರ ಅನ್ನಲಿಕ್ಕೆ ದೀರ್ಘ ಬೇಕು.'
ಒಂದು ವಾರ ಅವನ ತಾಯಿಗೇ ಬರೆಯಬೇಕಾಗಿ ಬಂತು.
ತಿದ್ದುವವರಿಲ್ಲ.
ಈ ಕೋಟು ಹಾಕಿ ನಾನೇ ಹೊರಟೆ.
ವಿಮಾನದಲ್ಲಿ ಪೆನ್ನು ಸೋರಿತು.
ಬಾಗಿಲಲ್ಲಿ ಆ ಹೆಂಗಸು ಮೊದಲು ನೋಡಿದ್ದು ಜೇಬು.
'ಮಗಾ, ಶಾಯಿ' ಅಂದಳು.
ಸೆರಗಿನ ತುದಿ ಉಗುಳಲ್ಲಿ ಒದ್ದೆ ಮಾಡಿ ತಿಕ್ಕಿದಳು,
ತಿಕ್ಕಿದಳು. ಹೋಗಲಿಲ್ಲ.
ಆಮೇಲೆ ಪದಕಗಳು ಬಂದು ಅದರ ಮೇಲೆ ಕೂತವು.
ಯಾರಿಗೂ ಕಾಣಲಿಲ್ಲ."

ಕೆಳಗೆ ಬೇಕರಿಯಿಂದ ಬನ್ನಿನ ಪರಿಮಳ.
ನಾನು ಮೆಷಿನ್ನಿನ ಪೆಡಲ್ ಮೇಲೆ ಕಾಲಿಟ್ಟು ಸುಮ್ಮನಿದ್ದೆ.

ಹೊಲಿದು ಕೊಟ್ಟೆ. ನಾನೂರೈವತ್ತು ರೂಪಾಯಿ.
ಕಡಿಮೆ ಮಾಡಿದರೆ ಸಿಟ್ಟು, ಪೂರ್ತಿ ಎಣಿಸಿಟ್ಟರು.

ಕ್ರಿಸ್‌ಮಸ್ ಕಳೆದು ಜನವರಿಯ ಒಂದು ಸಂಜೆ
ಮತ್ತೆ ಅದೇ ಎಣಿಕೆ ಮೆಟ್ಟಿಲಲ್ಲಿ.
"ಗುಂಡಿ ಕೂಡುವುದಿಲ್ಲ. ತಂಗಿಯ ಸನ್ನ, ಹಂದಿಮಾಂಸದ ತಪ್ಪು.
ಒಂದಿಂಚು ಬಿಡು."

ಬಿಟ್ಟೆ. ಹಸಿರು ನೂಲು ಮುಗಿದಿತ್ತು,
ಕಡುನೀಲಿ ಹಾಕಿದೆ, ಒಳಗಡೆ ತಾನೆ.
ಅವರು ತಿರುಗಿಸಿ ನೋಡಿದರು, ಹೆಬ್ಬೆರಳಲ್ಲಿ ಸವರಿದರು,
"ಇದು ಕುಡ್ಲ" ಎಂದರು.

ಫ್ಯಾನು ಮಾತ್ರ ನಾನಿನ್ನೂ ಒರೆಸಿಲ್ಲ.
ತಪ್ಪು ಹಿಡಿಯಲಿಕ್ಕಾದರೂ ಬರುತ್ತಿರಲಿ.