ನೂರ ಹದಿನೇಳನೆಯ ಡಬ್ಬಿ

ಶೆಫೀಲ್ಡಿನ ಅಟರ್‌ಕ್ಲಿಫ್‌ನಲ್ಲಿ ಮೂವತ್ತೊಂದು ವರ್ಷ
ಉಕ್ಕು ಬಡಿಯುವ ಯಂತ್ರದ ಮಗ್ಗುಲಲ್ಲಿ ನಿಂತ
ನಾರ್ಮನ್ ಹೆಬಲ್‌ತ್ವೇಟ್ ಇವತ್ತು ನನ್ನೆದುರು ಕೂತಿದ್ದಾರೆ,
ತೊಡೆಯ ಮೇಲೆ ಕಂದು ಕಾಗದದ ಚೀಲ.
ಒಳಗೆ ಬೆಳಗಿನ ಮಲ, ಡಬ್ಬಿಯಲ್ಲಿ, ತಾರೀಖು ವೇಳೆ ಸಮೇತ.

"ಕಿವಿಗೂ ಇದಕ್ಕೂ ಏನಮ್ಮ ನೆಂಟು?"

ಗೊತ್ತಿದ್ದರೆ ಇದನ್ನು ಕೇಳಿ ತರಿಸುತ್ತಿರಲಿಲ್ಲ, ನಾರ್ಮನ್.
ಕರುಳಿನ ಕತ್ತಲಲ್ಲಿ ಕೋಟಿ ಕೋಟಿ ಒಕ್ಕಲು;
ನೀವು ಉಂಡಿದ್ದನ್ನು ಉಂಡು ರಕ್ತಕ್ಕೆ ಏನೋ ಹುಳಿ ಬಿಡುತ್ತವೆ.
ಆ ಹುಳಿ ಒಳಗಿವಿಯ ಶಂಖದ ತನಕ ನಡೆದೀತೆ?
ಅಷ್ಟೇ ನಮ್ಮ ಪ್ರಶ್ನೆ.
ಒಪ್ಪಿಗೆ ಪತ್ರದಲ್ಲಿ 'ಬಹುಶಃ' ಮೂರು ಸಲ ಇದೆ.

ಗಾಜಿನ ಕೋಣೆಯಲ್ಲಿ ಕೂರಿಸಿ ಒಂದೊಂದೇ ಸ್ವರ ಬಿಟ್ಟೆ.
ಇದಲ್ಲ. ಇದೂ ಅಲ್ಲ.
ಆರು ಸಾವಿರ ಹರ್ಟ್ಜ್‌ಗೆ ಬಂದಾಗ ಕೈ ಎತ್ತಿದರು
ಸಂತೆಯಲ್ಲಿ ಸಾಲಗಾರನನ್ನು ಕಂಡವರಂತೆ.
"ಇದೇ. ಡೋರೀನ್ ಹೋದ ರಾತ್ರಿಯೂ ಇದೇ.
ಏನೋ ಹೇಳಿದಳು, ಇದರಡಿ ಸಿಕ್ಕಿಕೊಂಡಿತು."
ನನ್ನ ಹೆಡ್‌ಫೋನಿನಲ್ಲೂ ಅದೇ ಸ್ವರ:
ಹದಿನೆಂಟು ವರ್ಷದಲ್ಲಿ ಅದನ್ನು ಕೇಳಿದ
ಎರಡನೆಯ ಜೀವ ನಾನು.

ಕಿವಿಗೆ ಹಾಕಿಕೊಳ್ಳಬೇಡಿ ಎಂದು
ಡಾಕ್ಟರುಗಳು ಹೇಳಿ ಹೇಳಿ ಕಳಿಸಿದ್ದಾರಂತೆ.
ಹೊಟ್ಟೆಗೆ ಹಾಕಿಕೊಳ್ಳಿ ಅನ್ನೋಣವೆಂದರೆ
ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಬರೀ ಊಟವಾಗುತ್ತದೆ.
ಸುಮ್ಮನೆ ಡಬ್ಬಿಗೆ ಚೀಟಿ ಅಂಟಿಸಿದೆ,
ಮೈನಸ್ ಎಂಬತ್ತರ ಫ್ರೀಜರಿಗಿಟ್ಟೆ.
ಅದೂ ಗುಂಯ್ ಅನ್ನುತ್ತದೆ, ಹಗಲೂ ರಾತ್ರಿ. ಇಷ್ಟು ದಿನ ಕೇಳಿರಲಿಲ್ಲ.

ಕೋಟು ತೊಡುತ್ತ ಬಾಗಿಲಲ್ಲಿ ತಿರುಗಿದರು:
"ಮೊಸರು ತಿಂದರೆ ತಗ್ಗೀತೆ?"
ಬಹುಶಃ ಎಂದೆ.
ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ, ಜೋರಾಗಿ, ಬಹುಶಃ.