ವಾಸನಿ ಹೋತೇನು?

"ಕಾರಿನಾಗ ಪೆಟ್ರೋಲ್ ನಾರ್ತದ್ರಿ ಲಾಡ್ಲೇಸಾಬ" ಅಂದ್ರು
ನೀಲಾಂಬಿಕಾ ಟೀಚರ್, ಮೂಗಿಗಿ ಸೆರಗು ಹಿಡಿದು.
ಆಳಂದ ನಾಕಾ, ಮೇ ತಿಂಗಳು, ಶೆಡ್ಡಿನ ತಗಡು
ತನ್ನಷ್ಟಕ್ಕ ಹಿಗ್ಗಿ ಟಣ್ ಟಣ್ ಅನ್ಲಕತ್ತಿತ್ತು.
ತೊಂಬತ್ತೇಳರ ಮಾರುತಿ, ನಾಕು ಕೈ ತಿರುಗಿ ಬಂದದ್ದು.
ಕಾಗದದಾಗ ಬಿಳಿ ಅಂತದ. ಕಣ್ಣಿಗಿ ಹಳೀ ಮಜ್ಜಿಗಿ.

ಬಗ್ಗಿ, ಬಾಗಿಲದಾಗ ತಲಿ ಹಾಕಿ
ಉದ್ದಕ ಉಸಿರು ಎಳಕೊಂಡೆ. "ಹೌದ್ರಿ, ಭಾಳ ಅದ."

ಏನೂ ಇರಲಿಲ್ಲ. ಕೊರೋನಾ ಜ್ವರ ಬಿಟ್ಟು ಹೋಗಾಗ
ಎರಡೂ ಹೊಳ್ಳಿ ಖಾಲಿ ಮಾಡಿ ಹೋಗ್ಯಾದ.
ಹಾಲು ಒಡದದ್ದು ಬಾಯಿಗಿ ಬಂದ ಮ್ಯಾಗೇ ನನಗ ತಿಳೀತದ.
ಹೊರಗ ಯಾರಿಗೂ ಹೇಳಿಲ್ಲ. ಮೂಗಿಲ್ಲದ ಮಿಸ್ತ್ರಿ ಕಡಿ
ಯಾರು ಗಾಡಿ ತರ್ತಾರ?

ಅದಕ್ಕ ಕೇಳ್ತೀನಿ.
ಯಾವಾಗ ಬರ್ತದ್ರಿ, ಮುಂಜಾನಿ ಬಾಗಿಲ ತೆಗದಾಗೋ, ಓಡಿಸೋವಾಗೋ?
ಕಿಟಕಿ ಇಳಿಸಿದ್ರ ಕಮ್ಮಿನೋ ಜಾಸ್ತಿನೋ?
"ಹಿಂದ ಕೂತ್ರ ಮಗಳಿಗಿ ತಲಿ ತಿರುಗ್ತದ.
ಮೊದಲಿನ ಮಿಸ್ತ್ರಿ ಕಾರ್ಬುರೇಟರ್ ಬಿಚ್ಚಿದ, ಫಿಲ್ಟರ್ ಬದಲ ಮಾಡಿದ,
ಸಾವಿರದ ಎಂಟುನೂರು ತಗೊಂಡ, ಮ್ಯಾಗ ಒಂದು ಅತ್ತರ ಬುಡ್ಡಿ ತೂಗಹಾಕಿದ.
ಈಗ ಅತ್ತರೂ ನಾರ್ತದ, ಪೆಟ್ರೋಲೂ ನಾರ್ತದ."
ತಡದು ಅಂದ್ರು: "ಸಂಬಳಾದ ವಾರ ಜಾಸ್ತಿ, ನೋಡ್ರಿ.
ತಿಂಗಳ ಕಡಿಗಿ ಇರೋದೇ ಇಲ್ಲ."

ಸಂಬಳಾದ ವಾರ!
ಅಂದ್ರ ಫುಲ್ ಟ್ಯಾಂಕ್. ಅಂದ್ರ ಕಾರ್ಬುರೇಟರ್ ಪಾಪ
ಸುಮ್ಮನ ಏಟು ತಿಂದದ. ತಳಕ್ಕಿದ್ದಾಗ ಇಲ್ಲದ್ದು
ಕಂಠಮಟ ತುಂಬಿದಾಗ ಬರ್ತದಂದ್ರ ರೋಗ ಕಂಠದ್ದೇ.
"ಪಂಪಿಗಿ ಹೋಗಿ ಪೂರಾ ತುಂಬಿಸ್ಕೊಂಡು ಬರ್ರಿ" ಅಂದೆ.

ಹಿಂದಿನ ಗಾಲಿ ಬಿಚ್ಚಿ ಶಹಾಬಾದ್ ಕಲ್ಲಿನ ಮ್ಯಾಗ ಅಂಗಾತ ಮಲಗಿದೆ.
ರಬ್ಬರ್ ಪೈಪು, ಮಣ್ಣು, ಇಪ್ಪತ್ತೇಳು ವರ್ಷದ ಜಿಡ್ಡು,
ಎಲ್ಲಾ ಒಂದೇ ಕರಿ. "ಟೀಚರ್, ಖಡು ಅದೇನ್ರಿ?"
ಸೂಟಿ ಇದ್ರೂ ಪರ್ಸಿನ್ಯಾಗಿಂದ ಎರಡು ತುಂಡು ಬಂದವು.
ಒಂದನ್ನ ಕಲ್ಲಿಗಿ ತಿಕ್ಕಿ ಪುಡಿ ಮಾಡಿ
ಒರಸಿದ ಪೈಪಿಗಿ ಸುತ್ತ ಹಚ್ಚಿ ಕಾದೆ.
ಚಹಾ ಬಂತು. ಅವರು ಕುಡದ್ರು. ನನ್ನದು ಆರಿತು.

ಕ್ಲಿಪ್ಪಿನ ಹಿಂದ, ಬೆಳ್ಳನ ಪುಡಿಯಾಗ
ಕೂದಲೆಳಿಯಂಥಾದೊಂದು ಗೆರಿ ಮೂಡಿತು, ಹಸಿ,
ಯಾರೋ ಒಳಗಿಂದ ಬರದಂಗ.
ಬೆರಳಿಟ್ಟೆ. ತಣ್ಣಗ.
ಪೆಟ್ರೋಲ್ ಅಂದ್ರ ಈಗ ನನಗ ಅಷ್ಟೇ:
ನಲವತ್ಮೂರು ಡಿಗ್ರಿಯಾಗ ಬೆರಳ ತುದಿಗಿ ಬಂದು
ಹಾರಿಹೋಗೋ ತಂಪು.
ಹದಿಮೂರರ ಪೋರ ಇದ್ದಾಗ ಈ ವಾಸನಿ ಬೆನ್ನ ಹತ್ತಿಯೇ
ಸಾಲಿ ಬಿಟ್ಟು ಗ್ಯಾರೇಜಿಗಿ ಬಂದವ ನಾ.

ಪೈಪು ಮುನ್ನೂರಾ ನಲವತ್ತು, ಎರಡು ಕ್ಲಿಪ್ಪು, ಕೂಲಿ ಇನ್ನೂರು.
"ವಾಸನಿ ಹೋತೇನ್ ನೋಡ್ರಿ ಒಮ್ಮಿ" ಅಂದ್ರು.
ತಲಿ ಹಾಕಿದೆ, ಉಸಿರು ಎಳದೆ. "ಪೂರಾ ಹೋಗ್ಯಾದ್ರಿ."
ಅವರು ಕೂತ್ರು. ಬಾಗಿಲ ಹಾಕಿದ್ರು. ತೆಗದ್ರು.
"ನನಗ ಇನ್ನಾ ಬರ್ಲಕತ್ತದಲ್ಲ, ಲಾಡ್ಲೇಸಾಬ."

ತಗಡು ಟಣ್ ಅಂತು.
ನನ್ನ ಮೂಗಿನ ಕಡಿ ಒಂದು ಗಳಿಗಿ ನೋಡಿದ್ರು.
ಏನೂ ಕೇಳಲಿಲ್ಲ. ತಾವೇ ಹಿಂದಿನ ಸೀಟು ಎತ್ತಿ,
ಜಂಗು ಹಿಡದ ತಳದ ತೂತಿನ ಮ್ಯಾಗ ಹಾಸಿದ್ದ ಕಾರ್ಪೆಟ್ ಎಳದು
ಮೂಸಿ, ಮುಖ ಹಿಂಡಿ, "ಇದು ಕುಡದು ಕೂತದ. ಬಿಸಿಲಿಗಿ ಹಾಕ್ರಿ."

ಅರ್ಧ ತಾಸಿಗೊಮ್ಮಿ ಎದ್ದು ಹೋಗಿ ಮೂಸಿ ಬಂದು
ನನಗ ಹೇಳ್ತಿದ್ರು, ಮಾರ್ಕ್ಸ್ ಓದಿದಂಗ:
ಅರ್ಧ ಹೋಗ್ಯಾದ.
ಕಾಲು ಉಳದದ.
ಈಗ ಬರೇ ಧೂಳಿನ ವಾಸನಿ.

ರೊಕ್ಕ ಎಣಿಸಿ ಕೊಟ್ಟು, ಅದರ ಮ್ಯಾಗ
ಉಳಿದ ಖಡು ಇಟ್ರು.
"ಇರ್ಲಿ. ಮುಂದಿನ ಗಾಡಿಗಿ ಬೇಕಾಗ್ತದ."